ಆಗ್ನೇಯ ಮೂಲೆಯ ಬಾಯ್ಲರ್

ಆಗ ನಮ್ಮವರೆಲ್ಲ ನಂಬಿದ್ದ ವಿಷಯ ಇದು: ಅಮೆರಿಕದಲ್ಲಿ ಕೊಂಡ ವಸ್ತು ಕೆಟ್ಟರೆ ಹೆದರಬೇಕಾಗಿಲ್ಲ, ಅದರ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೆ ಕಂಪನಿಯವರು ಎರಡು ಮಾತಾಡದೆ ಹೊಸದು ಕೊಡುತ್ತಾರೆ. ಸ್ಯಾನ್ ಡಿಯೇಗೋದಿಂದ ಲಾಸ್ ಏಂಜಲೀಸ್‌ವರೆಗೆ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ, ಪಾಯಸ ಬರುವ ಹೊತ್ತಿಗೆ ಯಾರಾದರೊಬ್ಬರು ವ್ಯಾಕ್ಯೂಮ್ ಕ್ಲೀನರ್ ಬದಲಾಯಿಸಿಕೊಂಡ ಕಥೆ ಹೇಳುತ್ತಿದ್ದರು. ನಾನು ಯಾವುದನ್ನೂ ಸುಲಭವಾಗಿ ನಂಬುವವಳಲ್ಲ. ಇದನ್ನು ಮಾತ್ರ ನಂಬಿದ್ದೆ.

ಬಾಯ್ಲರ್ ಅಟ್ಟದ ಮೇಲಿದ್ದರೆ ಆ ಮನೆಯಲ್ಲಿ ಏನಾದರೂ ಒಂದು ನಡೆಯುತ್ತಲೇ ಇರುತ್ತದೆ. ಕೆಳಗಿನವು ಕೆಲವು ಮಾತ್ರ.

೧. ಈಶಾನ್ಯದಲ್ಲಿ ಬೆಂಕಿ

ನಾವು ಮನೆ ಕೊಂಡದ್ದು ೨೦೦೨ರಲ್ಲಿ. ಸಿರಿವಂತರ ಕಡಲೂರು ಡೆಲ್ ಮಾರ್ ಪಕ್ಕ ಎಂದು ಹೇಳಿಕೊಳ್ಳಬಹುದಾದಷ್ಟು ಹತ್ತಿರ, ಸಮುದ್ರ ಕಾಣದಷ್ಟು ದೂರ. ಗೃಹಪ್ರವೇಶಕ್ಕೆ ಲಾಸ್ ಏಂಜಲೀಸ್ ಆಚೆಯ ಊರಾದ ಡೈಮಂಡ್ ಬಾರ್‌ನಿಂದ ಒಬ್ಬ ಅಂಕಲ್ ಬಂದರು. ನಿವೃತ್ತ ಸಿವಿಲ್ ಎಂಜಿನಿಯರ್, ಜೇಬಿನಲ್ಲಿ ಸದಾ ಒಂದು ದಿಕ್ಸೂಚಿ. ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದವರು ಒಂದು ತಪ್ಪನ್ನಾದರೂ ಕಂಡುಹಿಡಿಯದೆ ವಾಪಸು ಹೋಗುವುದಿಲ್ಲ. ಗ್ಯಾರೇಜಿನಲ್ಲಿ ನಿಂತು ಹೌಹಾರಿದರು.

"ಈಶಾನ್ಯದಲ್ಲಿ ಬೆಂಕಿ ಇಟ್ಟಿದ್ದೀರಲ್ರೀ!"

ಅಲ್ಲಿದ್ದದ್ದು ಸ್ನಾನದ ನೀರು ಕಾಯಿಸುವ ಹಳೆಯ ಗ್ಯಾಸ್ ಬಾಯ್ಲರ್.

"ಏನಾಗುತ್ತೆ ಅಂಕಲ್?" ನನ್ನ ಗಂಡ ಕೇಳಿದ.

"ಮನೆ ಯಜಮಾನನಿಗೆ ಉದ್ಯೋಗದಲ್ಲಿ ಆತಂಕ."

ನನ್ನ ಗಂಡ ಟೆಲಿಕಾಂ ಎಂಜಿನಿಯರ್. ಆ ವರ್ಷ ಟೆಲಿಕಾಂನಲ್ಲಿದ್ದ ಎಲ್ಲರಿಗೂ ಉದ್ಯೋಗದಲ್ಲಿ ಆತಂಕವಿತ್ತು, ಬಾಯ್ಲರ್ ಯಾವ ದಿಕ್ಕಿನಲ್ಲಿದ್ದರೂ. ಇದನ್ನು ನಾನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಬೆಂಕಿ ಇರಬೇಕಾದದ್ದು ಆಗ್ನೇಯದಲ್ಲಿ. ನಮ್ಮ ಆಗ್ನೇಯದಲ್ಲಿ ಮಲಗುವ ಕೋಣೆ ಇತ್ತು. ಅದರ ಮೇಲೆ ಖಾಲಿ ಅಟ್ಟ ಇತ್ತು. "ನಮ್ಮೂರಲ್ಲೂ ಗೀಸರ್ ಬಚ್ಚಲ ಅಟ್ಟದ ಮೇಲೇ ತಾನೆ ಇರೋದು" ಎಂದ ಗಂಡ. ನಮ್ಮೂರಿನದು ಹದಿನೈದು ಲೀಟರ್. ಹಳೆಯದನ್ನು ತೆಗೆಸಿ ಇವನು ತಂದ ಹೊಸದು ನೂರ ತೊಂಬತ್ತು ಲೀಟರ್. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಗುಣಿಸಬೇಕಾದ ಅಗತ್ಯವೂ ಇರಲಿಲ್ಲ: ನೂರ ತೊಂಬತ್ತು ಕಿಲೋ ನೀರು, ಮೇಲೆ ಕಬ್ಬಿಣದ ತೂಕ ಬೇರೆ. ಆಗ ನನಗೆ ಆರು ತಿಂಗಳು.

ಅದನ್ನು ಮೇಲೇರಿಸಲು ಇಬ್ಬರು ಆಳುಗಳೂ ಅರ್ಧ ದಿನವೂ ಬೇಕಾಯಿತು. ಭೂಕಂಪಕ್ಕೆಂದು ಎರಡು ಕಬ್ಬಿಣದ ಪಟ್ಟಿಗಳಿಂದ ತೊಲೆಗೆ ಬಿಗಿದು, ಪ್ಲಂಬರ್ ಬೆವರು ಒರೆಸಿಕೊಳ್ಳುತ್ತ ಇಳಿದು ಬಂದ. ನಮ್ಮ ಮಂಚ ನೋಡಿದ. ಚಾವಣಿ ನೋಡಿದ. ನನ್ನ ಹೊಟ್ಟೆ ನೋಡಿದ.

"ಈ ಮಂಚದಲ್ಲಿ ಮಲಗುವವರು ಯಾರು?"

"ನಾವೇ."

"ಕೆಲಸಕ್ಕೆ ನನ್ನ ಗ್ಯಾರಂಟಿ ಇದೆ," ಎಂದ. "ಆದರೂ ಮಂಚ ಸ್ವಲ್ಪ ಸರಿಸಿ."

೨. ವೃತ್ತ

ಮಂಚವನ್ನು ಗೋಡೆಗೆ ಸರಿಸಿದೆವು. ಅಷ್ಟಕ್ಕೆ ನನ್ನ ಗಂಡನಿಗೆ ಧೈರ್ಯ ಬರಲಿಲ್ಲ. ಅಟ್ಟಕ್ಕೆ ಹತ್ತಿ ಅಳತೆ ತೆಗೆದು, ಕೆಳಗೆ ಬಂದು, ಬಾಯ್ಲರ್ ಬಿದ್ದರೆ ಎಲ್ಲಿ ಬೀಳುತ್ತದೋ ಆ ಜಾಗದಲ್ಲಿ ನೆಲದ ಮೇಲೆ ನೀಲಿ ಟೇಪಿನಿಂದ ಒಂದು ವೃತ್ತ ಮಾಡಿದ. "ಇದರೊಳಗೆ ಯಾರೂ ನಿಲ್ಲಕೂಡದು" ಎಂದ. ಕೋಣೆಯ ಮಧ್ಯದಲ್ಲೊಂದು ಬಾವಿ ಇದ್ದಂತೆ ನಾವಿಬ್ಬರೂ ಅದನ್ನು ಸುತ್ತುಹಾಕಿ ಬಟ್ಟೆಯ ಬೀರುವಿಗೆ ಹೋಗುತ್ತಿದ್ದೆವು. ನಾನು ಇದನ್ನೆಲ್ಲ ನಂಬುವವಳಲ್ಲ. ಸುತ್ತುಹಾಕಿಯೇ ಹೋಗುತ್ತಿದ್ದೆ.

ಬಾಣಂತನಕ್ಕೆ ನಮ್ಮಮ್ಮನಿಗೆ ವೀಸಾ ಸಿಗಲಿಲ್ಲ, ಧಾರವಾಡದ ಅತ್ತೆಗೆ ಸಿಕ್ಕಿತು. ಬಂದ ಮೊದಲ ದಿನವೇ ಕೇಳಿದರು.

"ಇದೇನವಾ ನೆಲದ ಮ್ಯಾಲೆ?"

ವಿವರಿಸಿದೆ. ಅವರು ಬಹಳ ಹೊತ್ತು ಚಾವಣಿ ನೋಡಿದರು.

"ಅಲ್ಲ, ತಲೀ ಮ್ಯಾಲೆ ಹಂಡೆ ಇಟ್ಕೊಂಡು ಮಲಗೂ ಪದ್ಧತಿ ಯಾ ದೇಶದಾಗೈತಿ?"

"ನಿಮ್ಮ ಮಗನನ್ನು ಕೇಳಿ."

ಮಗನನ್ನು ಕೇಳಲಿಲ್ಲ. ಮರುದಿನದಿಂದ ಆ ವೃತ್ತದೊಳಕ್ಕೆ ಕೈಯಷ್ಟನ್ನೇ ಚಾಚಿ ಚಿಕ್ಕದೊಂದು ರಂಗೋಲಿ ಹಾಕತೊಡಗಿದರು. ಮಗು ನೋಡಲು ಬಂದವರು ಕೋಣೆಯ ಬಾಗಿಲಲ್ಲೇ ಸಾಕ್ಸ್ ಬಿಚ್ಚುತ್ತಿದ್ದರು. ಕಲ್ವರ್ ಸಿಟಿಯಿಂದ ಬಂದ ಆಂಟಿಯೊಬ್ಬರು ವೃತ್ತದ ಎದುರು ಕೈ ಮುಗಿದು, ಎರಡು ಬಾಳೆಹಣ್ಣು ಇಟ್ಟು, "ಯಾವ ವ್ರತ ಇದು?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ನೂರ ತೊಂಬತ್ತು ಲೀಟರಿನದು" ಎಂದೆ.

೩. ಆಯುಧಪೂಜೆ

ಆ ವರ್ಷದ ಆಯುಧಪೂಜೆಯಲ್ಲಿ ಕಾರಿಗೆ, ಕಂಪ್ಯೂಟರಿಗೆ, ಮಿಕ್ಸಿಗೆ ಪೂಜೆಯಾಯಿತು. ಮುಗಿಯಿತು ಅಂದುಕೊಂಡೆ. ಅತ್ತೆ ತಟ್ಟೆ ಹಿಡಿದು ಏಣಿಯ ಕೆಳಗೆ ನಿಂತಿದ್ದರು.

"ಹಂಡೇಕ್ಕೂ ಮಾಡಬೇಕು."

"ಅತ್ತೆ, ಅದು ಆಯುಧ ಅಲ್ಲ."

"ಬಿದ್ರ ಗೊತ್ತಾಗತೈತಿ ಆಯುಧ ಹೌದೋ ಅಲ್ಲೋ."

ಗಂಡ ತಟ್ಟೆ ತೆಗೆದುಕೊಂಡು ಮೇಲೆ ಹತ್ತಿದ. ಕೆಳಗಿನಿಂದ ನಿರ್ದೇಶನ ಹೋಯಿತು: "ಬೆಳ್ಳಗ, ಸಪಾಟ ಇರೋ ಕಡೆ ಹಚ್ಚೋ. ವಿಭೂತಿ ಮೂರು ಗೆರಿ. ನಡುವ ಕುಂಕುಮ. ಎಣ್ಣಿ ಕಲಿಸಿ ಹಚ್ಚು, ಉದರಬಾರದು." ಬಾಯ್ಲರ್‌ನ ಮೈಯೆಲ್ಲ ಬೂದುಬಣ್ಣ. ಬೆಳ್ಳಗೆ, ಸಪಾಟಾಗಿ ಇದ್ದದ್ದು ಒಂದೇ ಜಾಗ, ಅಂಗೈ ಅಗಲದ ಒಂದು ಚೀಟಿ. ಅಲ್ಲಿ ಹಚ್ಚಿದ.

ಮುಂದಿನ ವರ್ಷಗಳಲ್ಲಿ ಅತ್ತೆ ಇರಲಿಲ್ಲ, ಧಾರವಾಡದಿಂದ ಫೋನ್ ಇತ್ತು. ವರ್ಷಕ್ಕೊಂದು ಪದರ ಏರಿತು. ಬಾಯ್ಲರ್ ಬೀಳಲಿಲ್ಲ. ಗಂಡನ ಕೆಲಸವೂ ಹೋಗಲಿಲ್ಲ. ಡೈಮಂಡ್ ಬಾರ್ ಅಂಕಲ್ ಇದನ್ನು ತಮ್ಮ ಲೆಕ್ಕಕ್ಕೆ ಹಾಕಿಕೊಂಡರು, ಅತ್ತೆ ತಮ್ಮ ಲೆಕ್ಕಕ್ಕೆ. ಪಟ್ಟಿ ಬಿಗಿದ ಪ್ಲಂಬರನ್ನು ಯಾರೂ ನೆನೆಯಲಿಲ್ಲ.

೪. ಸಣ್ಣ ಭೂಕಂಪ

ಇದು ಅತ್ತೆ ಇದ್ದಾಗಿನದೇ. ಮಗಳು ಹುಟ್ಟಿ ಹನ್ನೆರಡು ದಿನ. ನಾನು ತಲೆಗೆ ಎಣ್ಣೆ ಒತ್ತಿಸಿಕೊಂಡು ಬಚ್ಚಲಲ್ಲಿ ಮಣೆಯ ಮೇಲೆ ಕೂತಿದ್ದೆ. ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು, ನೀರು ಸುಡುವುದಿಲ್ಲ, ಸುಡದ ನೀರು ಬಾಣಂತಿಗೆ ವಿಷ ಎಂದು ವಾದಿಸುತ್ತಿದ್ದರು. ಆಗ ಕಿಟಕಿಯ ಗಾಜು ಗಡಗಡ ಎಂದಿತು. ಅಟ್ಟದ ಮೇಲೆ ಏನೋ ಒಂದು ಸಲ ಆಚೆ ವಾಲಿ, ಒಂದು ಸಲ ಈಚೆ ವಾಲಿ ಕಿರ್ರೆಂದಿತು.

"ಹಂಡೆ ಬಂತೋ!" ಎಂದರು ಅತ್ತೆ. ಅಷ್ಟೇ. ಮುಂದಿನ ಕ್ಷಣ ಅವರೂ ಮಗುವೂ ಹಿತ್ತಲಿನಲ್ಲಿದ್ದರು. ಗಂಡ ಇನ್ನೊಂದು ಬಾಗಿಲಿಂದ ಲ್ಯಾಪ್‌ಟಾಪ್ ಅವುಚಿಕೊಂಡು ರಸ್ತೆಗೆ ಓಡಿದ. ನನಗೆ ಏಳಲು ಆಗಲಿಲ್ಲ. ಎಣ್ಣೆಗೆ ಕಾಲು ಜಾರುತ್ತಿತ್ತು. ಚಾವಣಿ ನೋಡುತ್ತ ಕೂತಿದ್ದೆ. ಯಾವ ದೇವರನ್ನೂ ಕರೆಯಲಿಲ್ಲ. ಪ್ಲಂಬರ್ ಪಟ್ಟಿಗೆ ಎಷ್ಟು ಸ್ಕ್ರೂ ಹಾಕಿದ್ದ ಎಂದು ನೆನಪಿಸಿಕೊಳ್ಳಲು ನೋಡಿದೆ, ನೆನಪಾಗಲಿಲ್ಲ.

ಹತ್ತು ಸೆಕೆಂಡಿನಲ್ಲಿ ಎಲ್ಲ ನಿಂತಿತು. ಗಂಡ ವಾಪಸು ಬಂದ.

"ನಿನ್ನನ್ನ ಕೂಗಿ ಕರೆಯೋಣ ಅಂತಲೇ ಹೊರಗೆ ಓಡಿದೆ" ಎಂದ.

೫. ತುಕ್ಕೋ, ಧರ್ಮವೋ

೨೦೦೬ರ ಬೇಸಿಗೆ. ಅತ್ತೆ ಎರಡನೆಯ ಸಲ ಬಂದಿದ್ದರು. ಮಗಳಿಗೆ ಮೂರೂವರೆ. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಇಂಗ್ಲಿಷ್. ವೃತ್ತದ ಟೇಪು ಮಾಸಿತ್ತು. ಅದರ ಭಯವೂ ಮಾಸಿತ್ತು ಎಂದುಕೊಂಡಿದ್ದೆ. ಅಡಿಗೆ ಮನೆಯಲ್ಲಿದ್ದೆ. ಅವಳ ದನಿ ಬಂತು.

"ಅಮ್ಮಾ, ಸರ್ಕಲ್ ಈಸ್ ವೆಟ್."

ಓಡಿದೆ. ವೃತ್ತದ ನಟ್ಟನಡುವೆ ಅವಳು ಗೊಂಬೆಗೆ ಸ್ನಾನ ಮಾಡಿಸುತ್ತ ಕೂತಿದ್ದಳು. ಮೇಲಿನಿಂದ ಒಂದೊಂದೇ ಹನಿ ಬೀಳುತ್ತಿತ್ತು, ಬೆಚ್ಚಗೆ. ಚಾವಣಿಯಲ್ಲಿ ತಟ್ಟೆಯಗಲದ ಕಂದು ಕಲೆ. ಅವಳನ್ನು ಎಳೆದುಕೊಂಡ ರಭಸಕ್ಕೆ ಅವಳೂ ಅತ್ತಳು, ನಾನೂ ಅತ್ತುಬಿಟ್ಟೆ.

ಗಂಡ ಕಂಪನಿಗೆ ಫೋನ್ ಮಾಡಿದ. ಆರು ವರ್ಷದ ವಾರಂಟಿ, ಇನ್ನೂ ನಾಲ್ಕೇ ಆಗಿತ್ತು. ಸ್ಪೀಕರ್ ಹಾಕಿದ್ದ.

"ನಮ್ಮ ಬಾಯ್ಲರ್ ಸೋರುತ್ತಿದೆ."

"ನಾವು ಬಾಯ್ಲರ್ ತಯಾರಿಸುವುದಿಲ್ಲ" ಎಂದು ಆ ಕಡೆಯವನು ಫೋನ್ ಇಟ್ಟ. ಗಂಡ ಮತ್ತೆ ಮಾಡಿದ. ಇನ್ನೊಬ್ಬನೂ ಅದನ್ನೇ ಹೇಳಿ ಇಟ್ಟ. ಮೂರನೆಯ ಸಲ ನಾನು ಫೋನ್ ಕಿತ್ತುಕೊಂಡು "ವಾಟರ್ ಹೀಟರ್" ಎಂದೆ. ಈ ದೇಶದಲ್ಲಿ ಬಾಯ್ಲರ್ ಎಂದರೆ ಕಟ್ಟಡ ಬೆಚ್ಚಗಿಡುವ ಬೇರೆಯೇ ಯಂತ್ರವಂತೆ. ನಾಲ್ಕು ವರ್ಷದಿಂದ ನಾವು ಹೆದರಿದ್ದು ನಮ್ಮಲ್ಲಿಲ್ಲದ ವಸ್ತುವಿಗೆ.

"ಸೀರಿಯಲ್ ನಂಬರ್?"

ಗಂಡ ಅಟ್ಟಕ್ಕೆ ಹೋದ. ನಂಬರ್ ಇದ್ದದ್ದು ಅಂಗೈ ಅಗಲದ ಆ ಬಿಳಿ ಚೀಟಿಯ ಮೇಲೇ.

"ಮೊದಲನೇದು ಮೂರು," ಮೇಲಿಂದ ಕೂಗಿದ. "ಇಲ್ಲಾ ಎಂಟು. ವಿಭೂತಿ ಕೆರೆದು ನೋಡ್ತೀನಿ."

"ಕೆರೀಬ್ಯಾಡ!" ಕೆಳಗಿಂದ ಅತ್ತೆ. "ಹಬ್ಬದ್ದದು! ಇಷ್ಟು ದಿನ ಹಂಡೆ ಹಿಡಕೊಂಡು ನಿಂತದ್ದು ಅದs!"

"ಏನು ತೊಂದರೆ?" ಫೋನಿನವನು.

"ಚೀಟಿಯ ಮೇಲೆ ಕೆಂಪಗೆ ಏನೋ ಹರಡಿದೆ" ಎಂದೆ.

"ತುಕ್ಕೇ?"

"ಅಲ್ಲ. ಧಾರ್ಮಿಕ."

ಆ ಕಡೆ ಕೀಲಿಮಣೆ ಟಕಟಕ ಎಂದಿತು.

"ಮೇಡಂ, ನನ್ನ ಪರದೆಯಲ್ಲಿ ಆ ಆಯ್ಕೆ ಇಲ್ಲ. ತುಕ್ಕು ಎಂದು ಬರೆದುಕೊಳ್ಳುತ್ತೇನೆ."

೬. ಜೋಪಾನ

ಸೀಮೆಎಣ್ಣೆ ತಾಗಿಸಿ ಕೊನೆಗೂ ನಂಬರ್ ಓದಿದೆವು. ಕಂಪನಿಯವರು ಹೇಳಿದ್ದು: ತಂತ್ರಜ್ಞ ಬರಲು ನಾಲ್ಕು ದಿನ. ಅಲ್ಲಿಯವರೆಗೆ ನೀರು ಖಾಲಿ ಮಾಡಬೇಡಿ, ಪೈಪು ಬಿಚ್ಚಬೇಡಿ. ಬೇರೆಯವರು ಕೈ ಹಾಕಿದರೆ ವಾರಂಟಿ ಹೋಗುತ್ತದೆ.

ಅಂದರೆ, ಮುಟ್ಟಿದರೆ ವಾರಂಟಿ ಹೋಗುತ್ತದೆ, ಮುಟ್ಟದಿದ್ದರೆ ಮನೆ.

ನಾನು ಖಾಲಿ ಮಾಡೋಣ ಎಂದೆ. ಗಂಡ ಡೈಮಂಡ್ ಬಾರ್‌ಗೆ ಫೋನ್ ಮಾಡಿದ. "ಕಾಗದ ಎಲ್ಲ ಇದೆ ತಾನೆ?" ಅಂಕಲ್ ಕೇಳಿದರು. "ಇದೆ ಅಂಕಲ್, ನೀವು ಹೇಳಿದ ಹಾಗೇ ಇಟ್ಟಿದ್ದೀನಿ." "ಹಾಗಿದ್ರೆ ಯಾಕ್ರೀ ಭಯ? ಅವರು ಹೇಳಿದಂತೆ ಕೇಳಿ."

ಕೇಳಿದೆವು. ಎಲ್ಲರೂ ನಡುಮನೆಯಲ್ಲಿ ಹಾಸಿಗೆ ಹಾಕಿದೆವು. ಮಲಗುವ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಇಟ್ಟು, ಮಗಳು ಆ ಕಡೆ ಹೋದಾಗಲೆಲ್ಲ ನಾಲ್ಕು ಜನರಲ್ಲಿ ಮೂರು ಜನ ಕಿರುಚುತ್ತಿದ್ದೆವು. ಹನಿ ಧಾರೆಯಾಯಿತು. ಚಾವಣಿ ಹೊಟ್ಟೆ ಬಿಟ್ಟಿತು. ನನ್ನ ಗಂಡನಿಗೆ ಹೆದರಿಕೆಯಾದಾಗ ಬೆಂಗಳೂರಿನ ಕನ್ನಡ ಬಿಟ್ಟುಹೋಗುತ್ತದೆ. ಮೂರನೆಯ ದಿನ ಅವನು ಪೂರ್ತಿ ಧಾರವಾಡದಲ್ಲಿದ್ದ.

ಅಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮಗಳು ತಟ್ಟೆಯ ಮುಂದೆ ಇರಲಿಲ್ಲ. "ಎಲ್ಲಿ?" ಎಂದು ನಾನು ಕೇಳುವುದಕ್ಕೂ ಕೋಣೆಯೊಳಗೆ ಧಡಾರೆಂದು ಸದ್ದಾಗುವುದಕ್ಕೂ ಸರಿಹೋಯಿತು.

ಕುರ್ಚಿ ಪಕ್ಕಕ್ಕೆ ಸರಿದಿತ್ತು. ಕೋಣೆಯ ತುಂಬ ಆವಿ, ಸುಣ್ಣದ ಪುಡಿ. ಚಾವಣಿಯ ದೊಡ್ಡ ತುಂಡು, ಬಿಸಿನೀರು, ಮುರಿದ ಹಲಗೆ ಎಲ್ಲ ಬಿದ್ದಿದ್ದವು, ಅಳೆದಿಟ್ಟ ಹಾಗೆ ವೃತ್ತದೊಳಗೆ. ಮೇಲೆ ಕಂಡಿಯಲ್ಲಿ ಬಾಯ್ಲರ್ ಆ ಎರಡು ಪಟ್ಟಿಗಳಿಂದ ಓರೆಯಾಗಿ ತೂಗುತ್ತಿತ್ತು. ವೃತ್ತದ ಗೆರೆಯ ಆಚೆ, ಗೋಡೆಗೆ ಬೆನ್ನು ಒತ್ತಿ, ಗೊಂಬೆ ಹಿಡಿದು ಮಗಳು ನಿಂತಿದ್ದಳು.

"ಐ ಡಿಡ್ನಾಟ್ ಗೋ ಇನ್‌ಸೈಡ್" ಎಂದಳು. ಬೈಯುತ್ತೇವೆ ಎಂಬ ಹೆದರಿಕೆ ಅವಳಿಗೆ.

ಎತ್ತಿಕೊಂಡ ಮೇಲೆ ಬಹಳ ಹೊತ್ತು ಯಾರೂ ಅವಳನ್ನು ಕೆಳಗಿಳಿಸಲಿಲ್ಲ. ಗಂಡ ಗ್ಯಾಸ್ ನಿಲ್ಲಿಸಿದ, ನೀರು ನಿಲ್ಲಿಸಿದ. ವಾರಂಟಿಯ ಮಾತು ಎತ್ತಲಿಲ್ಲ.

ಮರುದಿನ ತಂತ್ರಜ್ಞ ಬಂದ. ಏಣಿ ತೋರಿಸಿದೆವು. ಅವನು ಕೋಣೆಯ ಬಾಗಿಲಲ್ಲೇ ನಿಂತು ತಲೆ ಎತ್ತಿದ.

"ಹತ್ತುವ ಅಗತ್ಯವಿಲ್ಲ. ಇಲ್ಲಿಂದಲೇ ಕಾಣುತ್ತದೆ."

ಟ್ಯಾಂಕಿನ ತಳದ ಬೆಸುಗೆ ಬಿಟ್ಟಿದೆ, ತಪ್ಪು ಕಾರ್ಖಾನೆಯದೇ ಎಂದ. ಗಂಡ ನನ್ನತ್ತ ನೋಡಿದ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಬೆನ್ನು ನೆಟ್ಟಗಾಗಿತ್ತು.

"ವಾರಂಟಿ ಕಾರ್ಡ್?" ತಂತ್ರಜ್ಞ ಕೇಳಿದ. "ನಮ್ಮ ದಾಖಲೆಯಲ್ಲಿ ನಿಮ್ಮ ಹೆಸರೇ ಕಾಣುತ್ತಿಲ್ಲ."

"ಅದಕ್ಕೇ ನಾವು ಜೋಪಾನ ಮಾಡಿರೋದು" ಎಂದು ಗಂಡ ದೇವರ ಗೂಡಿಗೆ ಹೋದ. ಅಲ್ಲಿ ಬಸವಣ್ಣನ ಪಟದ ಹಿಂದೆ, ನಮ್ಮ ಮದುವೆಯ ಸರ್ಟಿಫಿಕೇಟಿನ ಜೊತೆಗೆ, ಅದು ಇತ್ತು. ಕೊಂಡ ವಾರವೇ, ಹರಿಯಬಾರದು, ನೆನೆಯಬಾರದು ಎಂದು, ಅಂಕಲ್ ಸಲಹೆಯಂತೆ ಲ್ಯಾಮಿನೇಟ್ ಮಾಡಿಸಿದ್ದ. ಮೂಲೆಯಲ್ಲಿ ಒಂದು ಚುಕ್ಕೆ ಕುಂಕುಮ. ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ.

ತಂತ್ರಜ್ಞ ಅದನ್ನು ಬೆಳಕಿಗೆ ಹಿಡಿದ. ಪ್ಲಾಸ್ಟಿಕ್ಕನ್ನು ಉಗುರಿನಿಂದ ತಟ್ಟಿದ. ತಿರುಗಿಸಿ ನನ್ನ ಕೈಗೆ ಕೊಟ್ಟ.

ಹಿಂಬದಿಯಲ್ಲಿ ಕಂಪನಿಯ ವಿಳಾಸವಿತ್ತು, ಅದರ ಕೆಳಗೆ ಒಂದು ಸಾಲು: ಕೊಂಡ ಹತ್ತು ದಿನದೊಳಗೆ ಈ ಕಾರ್ಡನ್ನು ಭರ್ತಿ ಮಾಡಿ ಅಂಚೆಗೆ ಹಾಕಿ.