ಬಾಗಿಲಿಗೆ ತಡೆಯಾಜ್ಞೆ

ದೇವರಾಜು ಕೋರ್ಟಿನಲ್ಲಿ ಗೆದ್ದು ಬಂದ ನೋಡಿ, ಅವನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ.

ಚನ್ನಪಟ್ಟಣದಿಂದ ವಿರೂಪಾಕ್ಷಿಪುರಕ್ಕೆ ಹೋಗುವ ದಾರಿಯಲ್ಲಿ ಅವನ ಹೊಸ ಮನೆ. ಕಟ್ಟುತ್ತಿದ್ದವರು ಕಂಟ್ರಾಕ್ಟರ್ ಗಫಾರ್ ಸಾಹೇಬರು. ಆಷಾಢ ಬಂದುಬಿಡುತ್ತದೆಂದು, ಕೆಲಸ ಮುಗಿಯುವ ಮೊದಲೇ ಹಾಲುಕ್ಕಿಸಿ ಸಂಸಾರ ಹೂಡಿದ್ದೂ ಆಗಿತ್ತು. ಆಮೇಲೆ ಕಣ್ಣಿಗೆ ಬಿತ್ತು: ಬಚ್ಚಲಿನ ಬಾಗಿಲ ಜಾಗ ನೇರ ಹಜಾರಕ್ಕೆ ಮುಖ ಮಾಡಿದೆ. ಅದನ್ನು ಮುಚ್ಚಿ ಹಿತ್ತಲ ಕಡೆಗೆ ಒಡೆಯಿರಿ ಎಂದು ಇವನು. ನೀವೇ ಒಪ್ಪಿದ ಪ್ಲಾನಿನಲ್ಲಿ ಹೀಗೇ ಇದೆ, ನಾಳೆ ಬಾಗಿಲು ಕೂರಿಸುತ್ತೇನೆ ಎಂದು ಅವರು. ಯಾವ ಕಡೆಗಾದರೂ ಸರಿ, ಬಾಗಿಲು ಅಂತ ಒಂದಿರಲಿ ಎಂದಳು ಹೆಂಡತಿ ಲತಾಮಣಿ. (ಅವಳ ಮಾತು ಕೇಳಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.)

ದೇವರಾಜು ವಕೀಲರನ್ನು ಹಿಡಿದು ಆಜ್ಞೆ ತಂದೇಬಿಟ್ಟ. ಮುಂದಿನ ವಿಚಾರಣೆಯವರೆಗೆ ಬಚ್ಚಲು ಯಥಾಸ್ಥಿತಿಯಲ್ಲಿರಬೇಕು, ಉಭಯಪಕ್ಷದವರೂ ಅದನ್ನು ಮುಟ್ಟಕೂಡದು, ಗಫಾರ್ ಅದರ ಹತ್ತಿರವೂ ಸುಳಿಯಕೂಡದು. ಬೀದಿಗೆಲ್ಲ ಮೈಸೂರುಪಾಕು ಹಂಚಿ, ದಿಗ್ವಿಜಯ ಮುಗಿಸಿ ಬಂದ ಚಕ್ರವರ್ತಿಯ ಗತ್ತಿನಲ್ಲಿ ಹೆಂಡತಿಗೆ ಓದಿ ಹೇಳಿದ.

"ಉಭಯಪಕ್ಷ ಅಂದ್ರೆ ನೀವೂ ಸೇರ್ಕಂಡಂಗಲ್ವಾ?" ಎಂದಳು ಲತಾಮಣಿ.

ದೇವರಾಜು ವಕೀಲರಿಗೆ ಫೋನು ಹಚ್ಚಿದ. ಸೇರಿದ್ದೀರಿ ಎಂದರು ಅವರು. ಪರದೆಗೆ ಒಂದು ಮೊಳೆ? ಅದೂ ಬೇಡವೆಂದರು. ವಿಚಾರಣೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಹೊಸ ಮನೆ ನೋಡಲು, ತಿಂಗಳಿಗಾಗುವಷ್ಟು ಬಟ್ಟೆಯೊಂದಿಗೆ, ಅತ್ತೆ ಬೋರಮ್ಮ ಬಂದಿಳಿದರು.

ಮಾರನೆಯ ಬೆಳಗ್ಗೆ ಲತಾಮಣಿ ಗಂಡನ ಕೈಗೊಂದು ದುಪ್ಪಟಿ ಕೊಟ್ಟಳು. "ಅವ್ವ ಎಣ್ಣೆ ಹಚ್ಕಂಡವ್ರೆ, ನೀರು ಹುಯ್ಕಬೇಕು. ಇದ್ನ ಅಡ್ಡ ಹಿಡ್ಕಂಡು, ಮುಖ ಬೀದಿ ಕಡೀಕೆ ಮಾಡ್ಕಂಡು ನಿಂತ್ಕಳಿ. ಒಲೆ ಮ್ಯಾಲೆ ಹಿಟ್ಟೈತೆ, ನಂಗೆ ಆಗಾಕಿಲ್ಲ. ಆರ್ಡರ್ ತಂದೋರು ನೀವು ತಾನೆ?"

ನಿಂತ. ಬೆಳಗಿನ ಹೊತ್ತು ಬೀದಿಬಾಗಿಲು ಮುಚ್ಚಿದರೆ ಲಕ್ಷ್ಮಿ ಬರುವುದಿಲ್ಲವೆಂದು ಅತ್ತೆಯೇ ಅದನ್ನು ಹಾರು ಹೊಡೆಸಿದ್ದರು. ಹೋಗುವವರು ಬರುವವರೆಲ್ಲ ಕೈಯೆತ್ತಿ ನಿಂತ ಮನೆ ಯಜಮಾನನನ್ನು ನೋಡಿಕೊಂಡು ಹೋದರು. ಹಾರೋಹಳ್ಳಿಯ ಫ್ಯಾಕ್ಟರಿ ಬಸ್ಸು ಬೀದಿ ತುದಿಯಲ್ಲಿ ಹಾರನ್ ಹೊಡೆದು, ಕಾದು, ಅವನನ್ನು ಬಿಟ್ಟು ಹೊರಟುಹೋಯಿತು. ತೋಳು ಮರಗಟ್ಟಿದಂತೆಲ್ಲ ಹಜಾರದ ಕಡೆಯ ಬಾಗಿಲೂ ಅಂಥ ಕೆಟ್ಟದ್ದಲ್ಲ ಎನ್ನಿಸತೊಡಗಿತು.

ಅಷ್ಟರಲ್ಲಿ ಹೊಸ್ತಿಲಾಚೆ ಗಫಾರ್ ಬಂದರು. ಒಳಗೆ ನೋಡದೆ, ರಸ್ತೆಗೆ ಮುಖ ಮಾಡಿ ನಿಂತು ಹೇಳಿದರು:

"ರಾಜಿ ಪತ್ರ ಬರೆಸ್ಕೊಂಡು ಬಂದಿದೀನಿ ಸಾರ್. ನೀವು ಸೈನ್ ಹಾಕಿದ್ರೆ ಇವತ್ತೇ ಕೋರ್ಟಿಗೆ ಕೊಟ್ಟು, ಆರ್ಡರ್ ತೆಗೆಸಿ, ಸಂಜೆಗೆ ಬಾಗ್ಲು ಕೂರಿಸ್ತೀನಿ. ಜಾಗ ಮಾತ್ರ ಅದೇ."

"ಹಾಕ್ತೀನಿ ಕಣಪ್ಪ," ಎಂದ ದೇವರಾಜು. ಅವನ ದನಿಯಲ್ಲಿ ಚಕ್ರವರ್ತಿ ಎಲ್ಲಿಯೂ ಇರಲಿಲ್ಲ. "ಕೈ ಬುಡಂಗಿಲ್ಲ. ಒಸಿ ಇಲ್ಲಿಗೇ ತಂದು ಹಿಡ್ಕೊ."

"ಬಚ್ಚಲ ಹತ್ರ ನಾನು ಬರಂಗಿಲ್ವಲ್ಲ ಸಾರ್."

ಇವನು ಅಲ್ಲಿಗೆ ಹೋಗುವಂತಿಲ್ಲ, ಅವರು ಇಲ್ಲಿಗೆ ಬರುವಂತಿಲ್ಲ. ಗಫಾರ್ ಸಾಹೇಬರು ಪತ್ರವನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕುಳಿತರು.

ದುಪ್ಪಟಿಯ ಹಿಂದಿನಿಂದ ಬೋರಮ್ಮನ ದನಿ ಬಂತು: "ಅಳಿಯಂದಿರೇ, ಇನ್ನೊಂದು ಹಂಡೆ ನೀರು ಕಾಯ್ಸಕ್ಕೇಳಿ. ಎಣ್ಣೆ ಇನ್ನೂ ಹೋಗೇ ಇಲ್ಲ."