ಹಕಾರ ನುಂಗಿದ ಹಾರ್ನ್

ಎಲ್ಲ ರಗಳೆಗೂ ಕಾರಣ ಒಂದೇ ಒಂದು ಅಕ್ಷರ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಐರ್ಲೆಂಡಿನ ಟಾಲಾ ಎಂಬ ಊರಿನಲ್ಲಿ, ಹೊನ್ನೇಶನ ಮನೆಯ ಮುಂದಿನ ಕೋಣೆಯಲ್ಲಿ, ಅದು ಕಾಣೆಯಾಯಿತು.

ಕಾಣೆಯಾದದ್ದನ್ನು ಪತ್ತೆ ಹಚ್ಚಿದವರು ಸಾವಿತ್ರಮ್ಮ. ಮೈಸೂರಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ನಿವೃತ್ತರಾಗಿ, ಮಗಳ ಮನೆಗೆಂದು ಐರ್ಲೆಂಡಿಗೆ ಬಂದವರು. ಬಂದ ವಾರದಲ್ಲೇ ಕನ್ನಡ ಸಂಘದವರು ಅವರನ್ನು ಹಿಡಿದು ರಾಜ್ಯೋತ್ಸವದ ಉಸ್ತುವಾರಿ ವಹಿಸಿದ್ದರು. ಕಾರ್ಯಕ್ರಮ ನಾಳೆಯೇ. ಸೌಂಡ್ ಸಿಸ್ಟಮ್ ತರುತ್ತೇನೆಂದಿದ್ದವನು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದ. ತಾನು ಕೈಯಾರೆ ಮಾಡಿದ ಹಾರ್ನ್ ಸ್ಪೀಕರ್ ಕೊಡುತ್ತೇನೆಂದು ಹೊನ್ನೇಶ ವಾಟ್ಸಾಪಿನಲ್ಲಿ ಬರೆದ. ಪ್ರತಿಯಾಗಿ ಅವನು ಕೇಳಿದ್ದು ಒಂದೇ: ನಿರೂಪಣೆ. ಮೂರು ವರ್ಷದಿಂದ ಸಂಘ ಅವನನ್ನು ಕಾರ್ ಪಾರ್ಕಿಂಗ್‌ನಲ್ಲೇ ನಿಲ್ಲಿಸಿತ್ತು. ಈ ಸಲವಾದರೂ ವೇದಿಕೆ ಹತ್ತಿ ಮೈಕು ಹಿಡಿಯದಿದ್ದರೆ ಬದುಕಿ ಏನು ಪ್ರಯೋಜನ ಎನ್ನುವ ಮಟ್ಟಕ್ಕೆ ಆಸೆ ಬೆಳೆದಿತ್ತು.

ಆ ಸ್ಪೀಕರುಗಳೋ! ಕೆಳಗೆ ಅಕ್ಕಿ ಡ್ರಮ್ಮಿನಷ್ಟು ದಪ್ಪನೆಯ ಪೆಟ್ಟಿಗೆ, ಅದರ ತಲೆಯ ಮೇಲೆ ಬಾಯಿ ತೆರೆದ ಪ್ಲೈವುಡ್ ಕಹಳೆ. ಕಹಳೆಯ ಬಾಯಿ ಚಿಕ್ಕದಾದರೆ ಗಂಡಸಿನ ದನಿ ಬಡಕಲಾಗುತ್ತದೆ. ದೊಡ್ಡದಾದರೆ ಸೋಫಾಗೆ ಜಾಗವಿರುವುದಿಲ್ಲ. ಹೊನ್ನೇಶ ದನಿಯ ಪರ ನಿಂತಿದ್ದ. ಅವನ ಹೆಂಡತಿ ವಿನೋದಿನಿ ಆರು ತಿಂಗಳಿಂದ ಊಟದ ಮೇಜಿನ ಕುರ್ಚಿಯಲ್ಲಿ ಕೂತು ಟಿವಿ ನೋಡುತ್ತಿದ್ದಳು.

ಪರೀಕ್ಷೆಗೆಂದು ಹೊನ್ನೇಶ ತನ್ನದೇ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ: ಹಸಿರು ಹುಲ್ಲು, ಹಳದಿ ಹೂವು, ಹಾಲಿನ ಹೊಳೆ. ಸಾವಿತ್ರಮ್ಮ ಕಣ್ಣು ಮುಚ್ಚಿ ಒಂದು ಸಲ ಕೇಳಿದರು. ಕಣ್ಣು ತೆರೆದು ಇನ್ನೊಂದು ಸಲ ಕೇಳಿದರು.

“ಹಕಾರ ಎಲ್ಲಪ್ಪ? ‘ಅಸಿರು ಉಲ್ಲು’ ಅಂತಿದೆಯಲ್ಲ ನಿಮ್ಮ ಪೆಟ್ಟಿಗೆ! ‘ಆಲಿನ ಒಳೆ’ಯಂತೆ! ರಾಜ್ಯೋತ್ಸವದ ದಿನ ಹಕಾರ ನುಂಗೋ ಪೆಟ್ಟಿಗೆ ಇಟ್ಕೊಂಡು ಏನ್ಮಾಡೋದು? ಸಾಯಂಕಾಲ ಐದಕ್ಕೆ ಸಂಘದ ಮೈಕ್ ತಗೊಂಡು ಬರ್ತೀನಿ. ಅಷ್ಟರಲ್ಲಿ ಸರಿಯಾದ್ರೆ ಆಯ್ತು. ಇಲ್ಲಾಂದ್ರೆ ಪೆಟ್ಟಿಗೇನೂ ಬೇಡ, ನಿಮ್ಮ ನಿರೂಪಣೆನೂ ಬೇಡ.”

ಮೇಷ್ಟ್ರುಗಳ ಮುಂದೆ ಇಂದಿಗೂ ಬಾಯಿ ಕಟ್ಟಿಹೋಗುವ ಹೊನ್ನೇಶ ಗೋಣಾಡಿಸಿದ.

ಅವರು ಹೋದ ಮೇಲೆ ತಾನೂ ಕೇಳಿ ನೋಡಿದ. ಅವನ ಕಿವಿಗೆ ಎಲ್ಲ ಹಕಾರಗಳೂ ದುಂಡುದುಂಡಾಗಿಯೇ ಕೇಳಿಸಿದವು. ಆದರೆ ಟೀಚರ್ ಇಲ್ಲ ಅಂದ ಮೇಲೆ ಇಲ್ಲ. ತಪ್ಪು ಕ್ರಾಸ್‌ಓವರಿನಲ್ಲೇ ಇರಬೇಕು. ದಪ್ಪ ದನಿ ಪೆಟ್ಟಿಗೆಗೆ, ಸಣ್ಣ ದನಿ ಕಹಳೆಗೆ ಎಂದು ಪಾಲು ಹಂಚುವ ಪುಟ್ಟ ಸರ್ಕ್ಯೂಟ್ ಅದು. ಅಣ್ಣತಮ್ಮಂದಿರ ಪಾಲಿನಲ್ಲಿ ಬದುವಿನ ಮೇಲಿನ ಮರ ಯಾರಿಗೂ ದಕ್ಕದೆ ಹೋಗುವಂತೆ ಹಕಾರವೂ ಗಡಿಯಲ್ಲಿ ಸಿಕ್ಕಿಬಿದ್ದಿದೆ ಎಂದು ಅವನು ತೀರ್ಮಾನಿಸಿದ.

“ತಿಂಡಿ ತಿಂದು ಕೂತ್ಕೊಳ್ರೀ,” ಎಂದಳು ವಿನೋದಿನಿ.

“ಓಗೇ, ಆಮೇಲ್ ತಿಂತೀನಿ. ಕಾಯಿಲ್ ಬಿಚ್ಚಿದೀನಿ.”

ವಿನೋದಿನಿ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಸುಮ್ಮನೆ ಒಳಗೆ ಹೋದಳು.

ಮೊದಲು ಗಡಿಯನ್ನು ಕೆಳಕ್ಕೆ ಸರಿಸಿ ಕಹಳೆಗೆ ಹೆಚ್ಚು ಪಾಲು ಕೊಟ್ಟ. ಶಕ್ತಿ ಮೀರಿದ ಹೊರೆ ಬಿದ್ದದ್ದೇ ತಡ, ಕಹಳೆ ಗಂಟಲು ಕಟ್ಟಿದ ಹುಂಜದಂತೆ ಕಿರುಚಿತು. ಗೋಡೆಯಾಚೆಯ ಮನೆಯಲ್ಲಿ ಮಲಗಿದ್ದ ಸಿಪ್ರಿಯನ್ ಎದ್ದು ಬಂದ. ಮಂಗಳೂರಿನವನು, ಆಸ್ಪತ್ರೆಯಲ್ಲಿ ನರ್ಸು, ನೈಟ್ ಡ್ಯೂಟಿ ಮುಗಿಸಿ ಆಗಷ್ಟೇ ಕಣ್ಣು ಮುಚ್ಚಿದ್ದ.

“ಎಂತ ಮಾರಾಯ್ರೆ, ಕೋಳಿ ಕೊಲ್ತಾ ಇದ್ದೀರಾ?”

“ಅಂಗಲ್ಲ ಸಿಪ್ರಿಯನ್, ನನ್ ಕಷ್ಟ ಏಳ್ತೀನಿ ಕೇಳಿ,” ಎಂದು ಹೊನ್ನೇಶ ಎಲ್ಲವನ್ನೂ ತೋಡಿಕೊಂಡ.

ಸಿಪ್ರಿಯನ್‌ಗೆ ಸ್ಪೀಕರ್ ಬಗ್ಗೆ ಏನೂ ಗೊತ್ತಿರಲಿಲ್ಲ. ಸಲಹೆ ಕೊಡಲು ಅದು ಅಡ್ಡಿಯಾಗಲಿಲ್ಲ. “ಬಾಸ್ ಕಮ್ಮಿ ಉಂಟು ನೋಡಿ. ಗಡಿಯನ್ನು ಮೇಲೆ ಹಾಕಿ. ಬಾಸ್ ಬಂದ್ರೆ ಎಲ್ಲ ಗ್ರ್ಯಾಂಡ್!”

ಹೊನ್ನೇಶ ಗಡಿಯನ್ನು ಮೇಲಕ್ಕೆ ಸರಿಸಿದ. ಮಾತು ಎರಡು ತುಂಡಾಯಿತು: ಹೊಟ್ಟೆ ಪೆಟ್ಟಿಗೆಯಲ್ಲಿ, ಹಲ್ಲು ಕಹಳೆಯಲ್ಲಿ. ಹುಲ್ಲು ಮಾತ್ರ ಎರಡರಲ್ಲೂ ‘ಉಲ್ಲು’ ಎಂದು ಸಿಪ್ರಿಯನ್ ವರದಿ ಮಾಡಿದ.

“ಈ ಊರೇ ಅಂಗೆ,” ಎಂದು ಹೊನ್ನೇಶ ಗೊಣಗಿದ. ಆಫೀಸಿನ ಐರಿಷರೆಲ್ಲ ಮೊದಲ ದಿನದಿಂದಲೂ ಅವನನ್ನು ‘ಒನ್ನೇಶ್’ ಎಂದೇ ಕರೆಯುತ್ತಿದ್ದರು. ಪಾಪ, ಹಕಾರಕ್ಕೆ ಹೊರಳದ ನಾಲಿಗೆ ಎಂದು ಅವನು ಅವರನ್ನು ಎಂದೋ ಕ್ಷಮಿಸಿದ್ದ.

ಉಳಿದಿದ್ದು ರೆಸಿಸ್ಟರ್. ಕಹಳೆಯ ಸದ್ದು ಪೆಟ್ಟಿಗೆಯ ಸದ್ದಿಗಿಂತ ಬಲು ಜೋರಾದ್ದರಿಂದ, ಅದನ್ನು ತಗ್ಗಿಸಲೆಂದು ಹಾಕಿದ್ದು. ಹಕಾರದ ಉಸಿರು ಕಟ್ಟಿಸುತ್ತಿರುವ ಪಾಪಿ ಇದೇ ಎಂದು ಹೊನ್ನೇಶ ಅದನ್ನು ಕಿತ್ತೆಸೆದ. ಆಂಪ್ಲಿಫೈಯರಿನೊಳಗಿನ ಸಣ್ಣ ಗಾಳಿಸದ್ದೂ ಈಗ ಕಹಳೆಯಲ್ಲಿ ಹಿಗ್ಗಿ, ಯಾರೂ ಮಾತಾಡದಿದ್ದರೂ ಕೋಣೆಯೆಲ್ಲ ‘ಹ್ಹ್ಹ್ಹ್ಹ್’ ಎನ್ನತೊಡಗಿತು.

“ಹಕಾರ ಬಂತು ಮಾರಾಯ್ರೆ,” ಎಂದ ಸಿಪ್ರಿಯನ್. “ಆದ್ರೆ ಹೋಗುದೇ ಇಲ್ಲ!”

ನಾಲ್ಕೂವರೆಗೆ ಹೊನ್ನೇಶ ಸೋತ. ಎರಡು ಬೆರಳು ಸುಟ್ಟಿದ್ದವು, ಕಾರ್ಪೆಟ್‌ಗೆ ತೂತು ಬಿದ್ದಿತ್ತು, ಹೊಟ್ಟೆಯಲ್ಲಿ ಒಂದು ಅಗುಳೂ ಇರಲಿಲ್ಲ. ಬೇರೆ ದಾರಿ ಕಾಣದೆ ಎಲ್ಲವನ್ನೂ ಬೆಳಿಗ್ಗೆ ಹೇಗಿತ್ತೋ ಹಾಗೆಯೇ ಜೋಡಿಸಿಟ್ಟ. ಮತ್ತೆ ಪಾರ್ಕಿಂಗ್‌ನ ಹಳದಿ ಜಾಕೆಟ್ಟೇ ಗತಿ ಎಂದು ನೆನೆದು ಅವನಿಗೆ ಅಳುವೇ ಬಂತು.

ಐದಕ್ಕೆ ಸರಿಯಾಗಿ ಸಾವಿತ್ರಮ್ಮ ಬಂದರು. ರೆಕಾರ್ಡಿಂಗ್‌ನ ಗೊಡವೆಯೇ ಬೇಡವೆಂದು ಮೈಕು ಸಿಕ್ಕಿಸಿ, “ಹಸಿರು ಹುಲ್ಲು, ಹಳದಿ ಹೂವು, ಹಾಲಿನ ಹೊಳೆ,” ಎಂದರು. ಒಂದೊಂದು ಹಕಾರವೂ ತೊಳೆದಿಟ್ಟ ಪಾತ್ರೆಯಂತೆ ಫಳಫಳ ಹೊಳೆಯಿತು. ಸಿಪ್ರಿಯನ್ ಕೈಗೂ ಮೈಕು ಕೊಟ್ಟರು. ಅವನ ಹೊಳೆಯೂ ಹೊಳೆಯೇ ಆಗಿತ್ತು.

“ಭೇಷ್! ನನ್ನ ದನಿ ಇಷ್ಟು ಸ್ವಚ್ಛವಾಗಿ ನಾನೇ ಯಾವತ್ತೂ ಕೇಳಿರ್ಲಿಲ್ಲ. ಏನ್ ರಿಪೇರಿ ಮಾಡಿದ್ರಿ?” ಎಂದು ಕೇಳಿದರು ಸಾವಿತ್ರಮ್ಮ.

ಸಂತೋಷ ತಡೆಯಲಾರದೆ ಹೊನ್ನೇಶ ಸಿಪ್ರಿಯನ್ ಕೈಯಿಂದ ಮೈಕು ಕಿತ್ತುಕೊಂಡ.

“ಏನೂ ಮಾಡಿಲ್ಲ ಮೇಡಂ! ಅಕಾರ ಎಲ್ಗೂ ಓಗಿರ್ಲೇ ಇಲ್ಲ! ಬೆಳಿಗ್ಗೆನೇ ಇದ್ನ ಏಳ್ಬೇಕು ಅಂತಿದ್ದೆ!”

ಸ್ಪೀಕರ್ ಏನನ್ನೂ ಬಿಡದೆ, ಏನನ್ನೂ ಸೇರಿಸದೆ, ಅದನ್ನು ಇದ್ದದ್ದು ಇದ್ದ ಹಾಗೆಯೇ ಕೋಣೆಗೆಲ್ಲ ಸಾರಿತು.

ಸಾವಿತ್ರಮ್ಮನ ಮಾತಿನ ಬೆನ್ನಿಗೇ ಬಂದದ್ದರಿಂದಲೋ ಏನೋ, ಹೊನ್ನೇಶನಿಗೆ ತನ್ನ ಮಾತು ಮೊದಲ ಬಾರಿಗೆ ತನಗೇ ಕೇಳಿಸಿತು. ಕಿವಿಯವರೆಗೂ ಕೆಂಪಾದ. ಸ್ವಂತ ನಾಲಿಗೆಯ ಗುಟ್ಟನ್ನು ಊರಿಗೆಲ್ಲ ಸ್ಪಷ್ಟವಾಗಿ ಕೇಳಿಸುವ ಯಂತ್ರವನ್ನು ಆರು ತಿಂಗಳು ಕೂತು ಮಾಡಿದ ಮಹಾನುಭಾವ ಪ್ರಪಂಚದಲ್ಲಿ ತಾನೊಬ್ಬನೇ ಇರಬೇಕು ಅನ್ನಿಸಿತು.

“ನಿಂಗೆ ಗೊತ್ತಿತ್ತೇನೆ?” ಎಂದು ಬಾಗಿಲಲ್ಲಿ ನಿಂತಿದ್ದ ವಿನೋದಿನಿಯನ್ನು ಮೆಲ್ಲಗೆ ಕೇಳಿದ.

“ಹನ್ನೆರಡು ವರ್ಷದಿಂದ. ‘ಹ’ ಅನ್ರೀ ಅಂದಾಗೆಲ್ಲ ‘ಅದನ್ನೇ ತಾನೆ ಅಂದಿದ್ದು’ ಅಂತಿದ್ರಿ. ಬಿಟ್ಬಿಟ್ಟೆ.”

ಸಾವಿತ್ರಮ್ಮ ಮೈಕಿನ ವೈರು ಸುತ್ತುತ್ತ ತೀರ್ಪು ಕೊಟ್ಟರು. “ಪೆಟ್ಟಿಗೆ ಪಾಸು. ನಿರೂಪಣೆ ಸಿಪ್ರಿಯನ್ ಮಾಡ್ಲಿ. ಆದ್ರೆ ಇಷ್ಟು ಭಾರದ್ದನ್ನ ಬೆಳಿಗ್ಗೆ ಎಂಟಕ್ಕೆ ಅಲ್ಲಿಗೆ ತರೋರು ಯಾರು?”

ಹೊನ್ನೇಶ ತಲೆ ತಗ್ಗಿಸಿಯೇ ಹೇಳಿದ: “ನಾನೇ ಒತ್ಕೊಂಡ್ ಬರ್ತೀನಿ ಮೇಡಂ.”

“ಒತ್ತೋದೇನೂ ಬೇಡಪ್ಪ,” ಎಂದರು ಸಾವಿತ್ರಮ್ಮ. “ಹೊತ್ಕೊಂಡು ಬನ್ನಿ, ಸಾಕು.”