ಪೇಟಿಯ ಹಿಂದೆ ಕೂತು ಕಂಡ ನಮ್ಮ ಅಯ್ಯನೋರು

ನಾಲ್ಕು ಜನ ಕೂಡಿ ದೇವರ ಮುಂದೆ ಕೂತಲ್ಲಿ ನಗುವಂಥದ್ದು ಏನಾದರೂ ಆಗಿಯೇ ತೀರುತ್ತದೆ, ಆಗಬಾರದು ಅಂತ ಎಲ್ಲರೂ ಗಂಭೀರವಾಗಿ ಕೂತಾಗಂತೂ ಇನ್ನೂ ಬೇಗ ಆಗುತ್ತದೆ. ಬೆಳಗಾವಿಯ ಕ್ಯಾಂಪಿನ ಹತ್ತಿರದ ನಮ್ಮ ಕ್ರೈಸ್ತರ ಸಣ್ಣ ದೇವಾಲಯದಲ್ಲಿ ನಾನು ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ಬಾರಿಸುತ್ತಿದ್ದೆ. ವಾರದ ಆರು ದಿನ ಹೆಣ್ಣುಮಕ್ಕಳ ಸಾಲಿಯಲ್ಲಿ ಪಾಠ, ರವಿವಾರ ಪೇಟಿ. ಹಾಗಾಗಿ ಎಲ್ಲರೂ ನನ್ನನ್ನು ‘ಪೇಟಿ ಬಾಯಿ’ ಅನ್ನುತ್ತಿದ್ದರು. ಬಾಯಿ ಅಂದರೆ ನಮ್ಮ ಕಡೆ ಮರಾಠಿಯ ಮರ್ಯಾದೆಯ ಮಾತು. ಕನ್ನಡದ ಅರ್ಥವೂ ನನಗೆ ಚೆನ್ನಾಗಿ ಒಪ್ಪುತ್ತದೆ ಅಂತ ನಮ್ಮ ಯಜಮಾನರು ಹೇಳುತ್ತಿದ್ದರು.

ಪೇಟಿಯ ಜಾಗ ಸಭೆಗೆ ಎದುರಾಗಿ ಇತ್ತು. ಪ್ರಾರ್ಥನೆಯಲ್ಲಿ ಯಾರು ಕಣ್ಣು ತೆರೆದಿದ್ದಾರೆ, ಯಾರು ನಿದ್ದೆ ಹೋಗಿದ್ದಾರೆ, ಎಲ್ಲ ನನಗೆ ಕಾಣುತ್ತಿತ್ತು. ನಮ್ಮೂರಲ್ಲಿ ಕಾಂಗ್ರೆಸ್ಸಿನ ದೊಡ್ಡ ಸಭೆ ಕೂಡುವುದಕ್ಕೆ ಒಂದೆರಡು ವರ್ಷ ಮೊದಲು ನಮಗೆ ಹೊಸ ಪಾಲಕರು, ಅಂದರೆ ಪಾದ್ರಿಗಳು, ಬಂದರು. ಅವರನ್ನೇ ನಾವು ಅಯ್ಯನೋರು ಅಂತ ಕರೆದದ್ದು. ಅವರ ಕಾಲದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ನಗು ಬಂದರೆ ನಕ್ಕುಬಿಡಿ, ಅಯ್ಯನೋರೂ ನಗುತ್ತಿದ್ದರು.

ಹೂಮಾಲೆ

ಹೊಸ ಅಯ್ಯನೋರು ಬರುವ ದಿನ ಇಡೀ ಸಭೆ ಸ್ಟೇಶನ್ನಿಗೆ ಹೋಯಿತು. ಅವರನ್ನು ನಮ್ಮಲ್ಲಿ ಯಾರೂ ನೋಡಿದವರಲ್ಲ. ಬಹಳ ದೊಡ್ಡ ಪಂಡಿತರು ಅಂತ ಪತ್ರ ಬಂದಿತ್ತು, ಆದ್ದರಿಂದ ಆಳೂ ದೊಡ್ಡವರೇ ಇರಬೇಕು ಅಂತ ನಾವೇ ತೀರ್ಮಾನ ಮಾಡಿಕೊಂಡಿದ್ದೆವು. ನಾನು ಪೇಟಿಯನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಟ್ಟುಕೊಂಡು ಸಿದ್ಧಳಾಗಿದ್ದೆ.

ಹುಬ್ಬಳ್ಳಿಯ ಗಾಡಿ ಬಂತು. ಕರಿ ಕೋಟು, ಜರಿ ರುಮಾಲು, ತುಂಬಿದ ಮೈ, ಅಂಥ ಒಬ್ಬರು ಇಳಿದರು. ನಾನು ರಾಗ ಎತ್ತಿದೆ. ಹೆಣ್ಣುಮಕ್ಕಳು ಹಾಡಿದರು. ಮಾಲೆಯ ಮೇಲೆ ಮಾಲೆ ಬಿದ್ದು ಆ ಮನುಷ್ಯನ ಮೂಗು ಮಾತ್ರ ಹೊರಗೆ ಉಳಿಯಿತು. ನಮ್ಮ ಹಿರಿಯ ಮಾಸ್ತರರು ಕಣ್ಣು ಮುಚ್ಚಿ, “ದೇವರೇ, ಈ ಕುರಿಗಳನ್ನು ಕಾಯಲು ನೀನು ಕಳಿಸಿದ ಕುರುಬನಿಗಾಗಿ ಸ್ತೋತ್ರ” ಅಂತ ಪ್ರಾರ್ಥನೆ ಶುರುಮಾಡಿದರು.

ಮಾಲೆಗಳ ಒಳಗಿನಿಂದ ಗಾಬರಿಯ ದನಿ ಬಂತು: “ಕುರಿ? ಯಾವ ಕುರಿ ರೀ? ನಾವು ಜೈನರು! ಹುಬ್ಬಳ್ಳಿಯೊಳಗ ಹತ್ತಿ ವ್ಯಾಪಾರ ಮಾಡತೇವಿ. ಕುರಿ ಕಾಯೂದಕ್ಕೂ ನಮಗೂ ಏನೂ ಸಂಬಂಧ ಇಲ್ಲ!”

ಪ್ರಾರ್ಥನೆ ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಗುಂಪಿನ ಹಿಂದೆ, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಹಿಡಿದು ನಿಂತಿದ್ದ ಸಣಕಲು ಮನುಷ್ಯರೊಬ್ಬರು ಮುಂದೆ ಬಂದು ಕೈಮುಗಿದರು. “ತಪ್ಪು ತಿಳೀಬ್ಯಾಡ್ರಿ. ನೀವು ಕಾಯಾಕ್ಹತ್ತಿದ್ದು ನನ್ನನ್ನ ಅನಸ್ತದ.”

“ಮತ್ತ ಅವಾಗಿಂದ ಸುಮ್ಮನ ಯಾಕ ನಿಂತಿದ್ರಿ?” ಅಂತ ಮಾಸ್ತರರು ಕೇಳಿದರು.

“ಸುಮ್ಮನ ಎಲ್ಲಿ ನಿಂತಿದ್ನಿ? ಯಾರೋ ಭಾಳ ದೊಡ್ಡವರು ಬಂದಾರಂತ ತಿಳಕೊಂಡು ನಾನೂ ಎರಡು ಸಲ ಚಪ್ಪಾಳಿ ಹೊಡದ್ನಲ್ಲ!”

ವ್ಯಾಪಾರಿ ಹೊಟ್ಟೆ ಹಿಡಿದು ನಕ್ಕರು. ಒಂದೊಂದೇ ಮಾಲೆ ತೆಗೆದು ತಾವೇ ಅಯ್ಯನೋರ ಕೊರಳಿಗೆ ಹಾಕಿದರು. ಕೊನೆಯದೊಂದನ್ನು ಮಾತ್ರ ಬಿಡಲಿಲ್ಲ. “ಇದೊಂದು ನನಗಿರಲ್ರಿ. ಮೂವತ್ತು ವರ್ಷದಿಂದ ಈ ಊರಿಗೆ ಬರತೇನಿ, ಬೆಳಗಾವಿಯವರಿಗೆ ನನ್ನ ಕಿಮ್ಮತ್ತು ತಿಳಿದಿದ್ದು ಇವತ್ತ!”

ಯಾರು ಮೊದಲು ಕೂಡಬೇಕು

ಪಾರಿಶ್ವಾಡದ ಒಂದು ಒಕ್ಕಲು ಮನೆಯಲ್ಲಿ ಪ್ರಾರ್ಥನೆ ಇಟ್ಟಿದ್ದರು. ಅಯ್ಯನೋರು ಕೂಡದೆ ನಾವು ಕೂಡುವುದು ಮರ್ಯಾದೆ ಅಲ್ಲ ಅಂತ ಇಪ್ಪತ್ತು ಜನ ಎದ್ದು ನಿಂತರು. ಹಿರಿಯರು ಕೂಡದೆ ತಾನು ಕೂಡುವುದು ಸರಿಯಲ್ಲ ಅಂತ ಅಯ್ಯನೋರೂ ನಿಂತರು.

“ನೀವು ಕುಂದರ್ರಿ.”

“ಇಲ್ರಿ, ಮೊದಲು ನೀವು ಕುಂದರ್ರಿ.”

ಇದು ಬಹಳ ಹೊತ್ತು ನಡೆಯಿತು. ಒಲೆಯ ಮೇಲಿನ ಚಹಾ ಕುದಿದು ಕಷಾಯವಾಯಿತು. ಕಡೆಗೆ ಮನೆಯ ಮುದುಕಿ ಗೋಡೆ ಹಿಡಿದು ದೊಪ್ಪನೆ ಕೂತು ಹೇಳಿದಳು: “ಅಯ್ಯನೋರ, ನಿಮ್ಮ ಮರ್ಯಾದಿ ದೊಡ್ಡದು ಖರೇ. ಆದರ ಅದು ನನ್ನ ಮೊಣಕಾಲಿಗೆ ತಡೀವಲ್ದು!”

ಕಾಯೋ ದೇವಾ

ಹದಿನೈದು ದಿನಕ್ಕೊಮ್ಮೆ ರವಿವಾರ ನಾವು ಪೇಟಿ ಹೊತ್ತು ಬೆಳಗಿನ ಗಾಡಿಗೆ ಖಾನಾಪುರಕ್ಕೆ ಹೋಗುತ್ತಿದ್ದೆವು. ಅಲ್ಲಿಯ ಸಭೆಯಲ್ಲಿ ಅರ್ಧ ಜನ ಕನ್ನಡದವರು, ಅರ್ಧ ಮರಾಠಿಯವರು. ಕನ್ನಡದ ಕಡೆಗೆ ಒಬ್ಬ ಕುಂಬಾರ ಹಿರಿಯರು. ಮರಾಠಿಯ ಕಡೆಗೆ ಫೌಜು ಬಿಟ್ಟು ಬಂದ ಒಬ್ಬ ಹವಾಲ್ದಾರರು. ಹಾಡು ಯಾವ ಭಾಷೆಯದಾಗಬೇಕು ಅನ್ನುವ ಮಾತಿಗೆ ಇಬ್ಬರೂ ಆರು ತಿಂಗಳಿಂದ ಮಾತು ಬಿಟ್ಟಿದ್ದರು. ನಾನು ರಾಗ ಹಿಡಿದರೆ ಸಾಕು, ಇವರು ಕನ್ನಡದಲ್ಲಿ ಕೂಗುವರು, ಅವರು ಮರಾಠಿಯಲ್ಲಿ ಕೂಗುವರು. ನಡುವೆ ಸಿಕ್ಕಿದ ನನ್ನ ಪೇಟಿ ಉಬ್ಬಸದವರ ಹಾಗೆ ಏದುಸಿರು ಬಿಡುತ್ತಿತ್ತು.

ಅಯ್ಯನೋರು ಇಬ್ಬರನ್ನೂ ಕರೆದು ಬಹಳ ನಮ್ರತೆಯಿಂದ ಹೇಳಿದರು: “ನೀವು ಹಿರಿಯರು. ನೀವು ಹೇಳಿದ್ದನ್ನ ನಾನು ಕೇಳತೇನಿ. ನನ್ನ ಒಂದು ಮಾತು ನೀವು ನಡಸಿಕೊಡ್ರಿ. ಮುಂದಿನ ಸಲ ಮರಾಠಿ ಹಾಡು ಕುಂಬಾರ ಹಿರಿಯರು ಎತ್ತಲಿ, ಕನ್ನಡ ಹಾಡು ಹವಾಲ್ದಾರರು ಎತ್ತಲಿ.”

“ನನಗೆಲ್ಲಿ ಮರಾಠಿ ಓದಾಕ ಬರ್ತೈತ್ರಿ?” ಅಂದರು ಒಬ್ಬರು. “ಮಲಾ ಕಾನಡಿ ಯೇತ ನಾಹೀ,” ತನಗೆ ಕನ್ನಡ ಬರುವುದಿಲ್ಲ, ಅಂದರು ಇನ್ನೊಬ್ಬರು.

“ಯಾರಿಗೆ ಬರ್ತದೋ ಅವರ ಮನಿಗೆ ಹೋಗಿ ಕಲೀರಿ” ಅಂತ ಅಯ್ಯನೋರು ಎದ್ದುಬಿಟ್ಟರು.

ಪಾಲಕರು ಹೇಳಿದ್ದನ್ನು ಮೀರುವ ರೂಢಿ ನಮ್ಮ ಸಭೆಯಲ್ಲಿ ಇರಲಿಲ್ಲ. ಹವಾಲ್ದಾರರು ಮೀಸೆ ಇಳಿಬಿಟ್ಟುಕೊಂಡು ಕುಂಬಾರರ ತಿಗರಿಯ ಪಕ್ಕ ಹೋಗಿ ಕೂತರು. ಸಂಜೆ ಕುಂಬಾರರು ಮಣ್ಣಿನ ಕೈ ತೊಳೆದುಕೊಂಡು ಹವಾಲ್ದಾರರ ಕಟ್ಟೆ ಹತ್ತಿದರು. ಹೀಗೆ ಹದಿನೈದು ದಿನ.

ಆ ರವಿವಾರ ಕುಂಬಾರರ ಮರಾಠಿ ಹೇಗೋ ದಾಟಿತು. ಆಮೇಲೆ ಹವಾಲ್ದಾರರು ಎದ್ದು, ಕವಾಯತಿಗೆ ನಿಂತವರ ಹಾಗೆ ಎದೆ ಸೆಟೆದು, ಕನ್ನಡ ಹಾಡು ಎತ್ತಿದರು. ಹಾಡಿನ ಪಲ್ಲವಿ ‘ಕಾಯೋ ದೇವಾ’. ಹವಾಲ್ದಾರರ ಮರಾಠಿ ನಾಲಿಗೆಯ ಮೇಲೆ ಅದು ‘ಕಾಯ್ ಹೋ, ದೇವಾ?’ ಆಯಿತು. ಅಂದರೆ ‘ಏನ್ರೀ, ದೇವರೇ?’ ಮೂರು ಸಲ, ಒಂದಕ್ಕಿಂತ ಒಂದು ಜೋರಾಗಿ, ಛಾವಣಿ ನೋಡಿಕೊಂಡು ಕೇಳಿದರು!

ಮೊದಲು ನಕ್ಕವರು ಕುಂಬಾರರು. ಆಮೇಲೆ ಹವಾಲ್ದಾರರೇ ನಕ್ಕರು. ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ನಗುವಾಗ ಇಡೀ ಸಭೆ ಕಣ್ಣು ಒರೆಸಿಕೊಂಡಿತು. ಅಯ್ಯನೋರು ಪುಸ್ತಕ ಮುಚ್ಚಿ ಹೇಳಿದರು: “ಆರು ತಿಂಗಳಿಂದ ಒಬ್ಬರಿಗೊಬ್ಬರು ಮಾತಾಡದವರು ಇವತ್ತ ದೇವರನ್ನೂ ಮಾತಿಗೆ ಎಳದ್ರಿ. ಇದಕ್ಕಿಂತ ದೊಡ್ಡ ಉಪದೇಶ ನನ್ನ ಹತ್ರ ಇಲ್ಲ, ಮನಿಗೆ ನಡೀರಿ.”

ಆಡಿಗೆ ಒಂದು ಪ್ರಾರ್ಥನೆ

ಬುಧವಾರ ಸಂಜೆ ಹೆಣ್ಣುಮಕ್ಕಳ ಪ್ರಾರ್ಥನೆ ಅಯ್ಯನೋರ ಮನೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ನಡೆಸುವವರು ಅವರ ಹೆಂಡತಿ, ನಮಗೆಲ್ಲ ಅಮ್ಮನೋರು. ಅದಕ್ಕೆ ಬರುವವರಲ್ಲಿ ಒಬ್ಬಳು ದರ್ಜಿಯ ಹೆಂಡತಿ, ಒಬ್ಬಳು ಸೂಲಗಿತ್ತಿ. ಇಬ್ಬರೂ ನೆರೆಯವರು. ಸೂಲಗಿತ್ತಿಯ ಆಡು ದರ್ಜಿಯ ಹೆಂಡತಿಯ ಮಲ್ಲಿಗೆ ಬಳ್ಳಿಯನ್ನು ಬುಡಸಮೇತ ತಿಂದಿತ್ತು. ಅಮ್ಮನೋರ ಮುಂದೆ ಜಗಳ ಆಡುವಂತಿಲ್ಲ. ಆದ್ದರಿಂದ ಪ್ರಾರ್ಥನೆಯಲ್ಲಿಯೇ ಶುರುವಾಯಿತು.

“ದೇವರೇ,” ಅಂದಳು ದರ್ಜಿಯ ಹೆಂಡತಿ, “ನನ್ನ ನೆರಿಯಾಕಿನ್ನ ಆಶೀರ್ವದಿಸು. ಆಕಿ ಆಡಿಗೆ ಹಾಲು ಹೆಚ್ಚು ಮಾಡು. ಆದರ ಆ ಹಾಲಿಗೆ ನನ್ನ ಮಲ್ಲಿಗಿ ಬಳ್ಳಿನ ಬೇಕಂತ ಇಲ್ಲ ಅನ್ನೂದನ್ನ ಅದಕ್ಕ ತಿಳಿಸು.”

“ಆಮೆನ್,” ಅಂದಳು ಸೂಲಗಿತ್ತಿ. “ದೇವರೇ, ಈಕಿಗೂ ಒಂದು ಬೇಲಿ ಹಾಕೂವಷ್ಟು ಬುದ್ಧಿ ಕೊಡು.”

ಅಮ್ಮನೋರು ಕಣ್ಣು ತೆರೆಯಲಿಲ್ಲ. “ಇಬ್ಬರೂ ಕೈ ಹಿಡಕೊಳ್ರಿ. ಮನಸ್ಸು ಹಗುರ ಆಗೂತನಕ ಯಾರೂ ಕಣ್ಣು ತೆಗೀಬ್ಯಾಡ್ರಿ,” ಅಂದರು. ಇಬ್ಬರೂ ಕೈ ಹಿಡಿದುಕೊಂಡರು. ಬಹಳ ಹೊತ್ತಾದ ಮೇಲೆ ‘ಚರ್ ಚರ್’ ಅಂತ ಸಪ್ಪಳ. ನಾನು ರೂಢಿಯಂತೆ ಒಂದು ಕಣ್ಣು ತೆರೆದೆ. ಒಡತಿಯ ಬೆನ್ನು ಹತ್ತಿ ಬಂದಿದ್ದ ಆಡು ಮೇಜಿನ ಮೇಲಿದ್ದ ಅಯ್ಯನೋರ ರವಿವಾರದ ಉಪದೇಶವನ್ನು ಕೊನೆಯ ಹಾಳೆಯವರೆಗೆ ಮುಗಿಸಿತ್ತು.

ಅಯ್ಯನೋರಿಗೆ ಹೇಳಿದರೆ ಸಿಟ್ಟಾಗಲಿಲ್ಲ. “ನಾನು ಹೇಳಿದ್ದನ್ನ ಪೂರ್ತಿ ಒಳಗ ತಗೊಂಡವರು ಇದುವರೆಗೆ ಯಾರೂ ಇರಲಿಲ್ಲ,” ಅಂದರು. ಆ ರವಿವಾರ ಉಪದೇಶ ಹತ್ತೇ ನಿಮಿಷಕ್ಕೆ ಮುಗಿಯಿತು. ಮರುದಿನ ದರ್ಜಿಯ ಹೆಂಡತಿ ತಾನೇ ಒಂದು ಹೊರೆ ಸೊಪ್ಪು ತಂದು ಆಡಿನ ಮುಂದೆ ಹಾಕಿ, ಅದರ ತಲೆ ಸವರಿ ಹೇಳಿದಳು: “ಬರೂ ಬುಧವಾರಾನೂ ತಪ್ಪದ ಬಾ ಅವ್ವಾ.”

ತಕರಾರಿನ ಪತ್ರ

ನಾಲ್ಕನೆಯ ವರ್ಷ ಒಂದು ಕೆಟ್ಟ ಸುದ್ದಿ ಬಂತು. ಅಯ್ಯನೋರ ಹೆಸರು ಮೇಲಿನವರೆಗೆ ಹೋಗಿ, ಅವರನ್ನು ಮುಂಬಯಿಯ ದೊಡ್ಡ ಸಭೆಗೆ ಕಳಿಸುತ್ತಾರಂತೆ. ಅವರು ಹೋದರೆ ಹೇಗೆ ಅನ್ನುವ ಚಿಂತೆಯಲ್ಲಿ ಜನರ ಮುಖ ಬಾಡಿತು. ಕಳಿಸಬೇಡಿ ಅಂತ ಬೇಡಿಕೊಂಡರೆ, ಇಷ್ಟು ಒಳ್ಳೆಯವರೇ ಹಾಗಾದರೆ, ಅಂತ ಇನ್ನೂ ಬೇಗ ಕರೆದೊಯ್ಯುತ್ತಾರೆ.

ನಮ್ಮಲ್ಲಿ ಒಬ್ಬ ಅಜ್ಜಿ ಇದ್ದಳು. ಕ್ಯಾಂಪಿನ ದೊರೆಗಳ ಬಂಗಲೆಗಳಲ್ಲಿ ನಲವತ್ತು ವರ್ಷ ಅಡುಗೆ ಮಾಡಿದಾಕೆ. ದೊರೆಗಳ ಸ್ವಭಾವ ತನಗೆ ಗೊತ್ತು ಅಂತ ನನ್ನನ್ನು ಮನೆಗೆ ಕರೆಸಿದಳು. “ಪೇಟಿ ಬಾಯಿ, ಕಾಗದ ತಗೋ. ಅಯ್ಯನೋರ ಮ್ಯಾಲ ತಕರಾರು ಬರೀ.”

“ಅಜ್ಜಿ! ದೇವರು ಮೆಚ್ಚತಾನೇನು?”

“ದೇವರಿಗೆ ನಾ ಹೇಳಿಕೋತೇನಿ. ನೀ ಬರೀ. ಕೆಟ್ಟ ಮನಷ್ಯಾ ಅಂದರ ಮುಂಬಯಿಯವರು ಯಾಕ ಒಯ್ಯತಾರ?”

ಅವಳು ಹೇಳಿದಳು, ನಾನು ಬರೆದೆ. ಒಂದು, ಇವರಿಗೆ ತಮ್ಮ ಪದವಿಯ ಗೌರವ ಗೊತ್ತಿಲ್ಲ, ಜ್ವರ ಬಂದವರ ಮನೆಗೆ ಹೋಗಿ ಕಸ ಗುಡಿಸುತ್ತಾರೆ. ಎರಡು, ಮಳೆಯಲ್ಲಿ ಕಣಕುಂಬಿಯ ಕಾಡಿನವರೆಗೆ ನಡೆದುಹೋಗಿ ಇದ್ದೊಂದು ಕೋಟು ಹಾಳುಮಾಡಿಕೊಂಡಿದ್ದಾರೆ. ಮೂರು, ತಮ್ಮ ಊಟದ ಡಬ್ಬಿಯನ್ನು ದಾರಿಯಲ್ಲಿ ಸಿಕ್ಕವರಿಗೆ ಕೊಟ್ಟು ಹಸಿದು ಬರುತ್ತಾರೆ. ನಾಲ್ಕು, ಇವರ ರಾಗ ಸರಿಯಿಲ್ಲ. ಕೊನೆಗೆ ಅಜ್ಜಿ ಹೇಳಿದಂತೆ ಹಾಳೆಯ ಹಿಂಬದಿಗೆ ಇನ್ನೊಂದು ಸಾಲು ಬರೆದು, ಸಹಿ ಇಲ್ಲದೆ ಟಪಾಲಿಗೆ ಹಾಕಿದೆ.

ಒಂದು ತಿಂಗಳಿಗೆ ಮೇಲ್ವಿಚಾರಕ ದೊರೆ ತಾವೇ ಬಂದರು. ಬೆಳ್ಳಗಿನ ಗಡ್ಡದ ಗಂಭೀರ ಮನುಷ್ಯ. ಕನ್ನಡವನ್ನು ಪುಸ್ತಕದಿಂದ ಕಲಿತವರು. ಆರಾಧನೆ ಮುಗಿದ ಮೇಲೆ ಪತ್ರ ತೆಗೆದರು. ನಾನು ಪೇಟಿಯ ಮೇಲಿದ್ದ ಹಾಡಿನ ಪುಸ್ತಕ ತಿರುವತೊಡಗಿದೆ.

“ಸಹೋದರ ಸಹೋದರಿಯರೇ, ನಿಮ್ಮ ಪಾಲಕರ ಕುರಿತು ದೂರು ಬಂದಿದೆ. ಇದು ಸತ್ಯವಾಗಿದ್ದಲ್ಲಿ ನಾನು ಇವರನ್ನು ಈ ದಿನವೇ ಸಭೆಯ ಸೇವೆಯಿಂದ ತೆಗೆಯಬೇಕಾಗುವುದು.”

ಅಜ್ಜಿ ಇಷ್ಟು ಎಣಿಸಿರಲಿಲ್ಲ. ನಾನೂ ಎಣಿಸಿರಲಿಲ್ಲ. ದೊರೆ ನಾಲ್ಕೂ ತಪ್ಪುಗಳನ್ನು ಓದಿದರು. ಅಯ್ಯನೋರು ತಲೆತಗ್ಗಿಸಿ ಎದ್ದು ನಿಂತು, “ಅದರಾಗ ಬರದದ್ದೆಲ್ಲಾ ಖರೇ ಐತ್ರಿ,” ಅಂದರು. ಏಳಬೇಕು, ಬರೆದವಳು ನಾನೇ ಅನ್ನಬೇಕು ಅಂದುಕೊಂಡೆ. ಆದರೆ ಪೇಟಿಯ ಹಿಂದೆಯೇ ಕೂತುಬಿಟ್ಟೆ.

ಆಗ ದರ್ಜಿ ಎದ್ದ. “ಸಾಹೇಬ್ರ, ಕಸ ಗುಡಿಸಿದ್ದು ನಮ್ಮ ಮನಿದು. ಮನ್ಯಾಗ ಎಲ್ಲಾರೂ ಜ್ವರ ಬಂದು ಮಲಗಿದ್ವಿ, ಮಂದಿ ಹೊಸ್ತಿಲಾ ತುಳೀಲಿಲ್ಲ. ಇವರು ಒಂಬತ್ತು ದಿನ ಬಂದ್ರು.” ಆ ದಿನ ಖಾನಾಪುರದಿಂದ ಬಂದಿದ್ದ ಹವಾಲ್ದಾರರು ಎದ್ದು, ಕುಂಬಾರರಿಂದ ಕಲಿತ ಕನ್ನಡದಲ್ಲಿ ಹೇಳಿದರು. “ಕಣಕುಂಬಿಯೊಳಗ ಸತ್ತದ್ದು ನನ್ನ ತಮ್ಮ. ಅಂಥಾ ಮಳಿಯೊಳಗ ಮಣ್ಣು ಕೊಡಾಕ ಬಂದವರು ಇವರೊಬ್ಬರ. ಕೋಟು ತೋಯ್ದಿದ್ದು ಅದಕ್ಕ.” ಹಿಂದಿನ ಬೆಂಚಿನಿಂದ ಒಬ್ಬ ವಿಧವೆ ಎದ್ದಳು. “ಆ ಡಬ್ಬಿ ಊಟಾ ಉಂಡಾಕಿ ನಾನ್ರಿ.” ಕನ್ನಡದವರು, ಮರಾಠಿಯವರು, ಬಡವರು, ಅನುಕೂಲಸ್ಥರು, ಒಬ್ಬೊಬ್ಬರಾಗಿ ಇಡೀ ಸಭೆ ಎದ್ದು ನಿಂತಿತು. ಎಷ್ಟೋ ಸಭೆಗಳಲ್ಲಿ ಬಾರಿಸಿದ್ದೇನೆ, ಅಂಥ ಹೆಮ್ಮೆ ನನಗೆ ಮತ್ತೆಂದೂ ಆಗಲಿಲ್ಲ.

ಅಜ್ಜಿ ಕೋಲೂರಿ ಕಡೆಗೆ ಎದ್ದಳು. “ಸಾಹೇಬ್ರ, ನೀವು ಕಾಗದಾ ಪೂರಾ ಓದಿಲ್ಲ. ಹಾಳಿ ಹೊಳ್ಳಿಸಿ ಕೊನೀ ಸಾಲು ಓದ್ರಿ.”

ದೊರೆ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದರು: “ಆದ್ದರಿಂದ ಇವರನ್ನು ಕಳುಹಿಸಿ ಮುಂಬಯಿಯವರಿಗೆ ತೊಂದರೆ ಕೊಡಬೇಡಿರಿ. ನಮಗೆ ರೂಢಿಯಾಗಿದೆ. ಇವರನ್ನು ಸಾಯುವ ತನಕ ನಾವೇ ಸಹಿಸಿಕೊಳ್ಳುತ್ತೇವೆ.”

ಮೊದಲು ಅವರ ಗಡ್ಡ ಅಲುಗಿತು. ಆಮೇಲೆ ಭುಜ. ಆಮೇಲೆ ಆ ಗಂಭೀರ ಮನುಷ್ಯ ವೇದಿಕೆಯ ಕಟಾಂಜನ ಹಿಡಿದು ನಕ್ಕರು. “ಹೊಗಳಿಕೆಯ ಪತ್ರಗಳನ್ನು ನಂಬಿ ನಾನು ಅನೇಕ ಪಾಲಕರನ್ನು ದೊಡ್ಡ ಊರುಗಳಿಗೆ ಕಳುಹಿಸಿದ್ದೇನೆ. ಇಂಥ ದೂರು ಬಂದವರನ್ನು ಇಲ್ಲಿಯೇ ಬಿಡುವುದು ಉತ್ತಮ. ನೀವು ಸಹಿಸಿಕೊಳ್ಳಿರಿ!”

ಎಲ್ಲರೂ ಹೋದ ಮೇಲೆ ನಾನು ಪೇಟಿ ಮುಚ್ಚುತ್ತಿದ್ದೆ. ಅಯ್ಯನೋರು ಪತ್ರ ಹಿಡಿದು ಬಂದರು. “ಅಕ್ಷರ ಭಾಳ ಚಂದ ಅದಾವ್ರಿ ಬಾಯಿ.”

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. “ಹೇಳಿದಾಕಿ ಅಜ್ಜಿ, ಬರದಾಕಿ ನಾನು. ತಪ್ಪಾತ್ರಿ ಅಯ್ಯನೋರ.”

“ಅದಿರಲಿ. ಉಳಿದ ಮೂರೂ ಅಜ್ಜಿ ಹೇಳಿರಬೇಕು, ತಿಳೀತದ. ಆದರ ಅಜ್ಜಿಗೆ ರಾಗ, ತಾಳ ಏನೂ ಗೊತ್ತಿಲ್ಲ. ಈ ನಾಲ್ಕನೇದು ಎಲ್ಲಿಂದ ಬಂತು?”

“ಸುಳ್ಳು ಸಾಕ್ಷಿ ಹೇಳಬಾರದು ಅಂತ ನೀವ ಕಲಿಸೀರಲ್ರೀ,” ಅಂದೆ. “ತಕರಾರು ಅಂತ ಬರದ ಮ್ಯಾಲ ಅದರಾಗ ಒಂದಾದರೂ ಖರೇ ತಪ್ಪು ಇರಲಿ ಅಂತ ನಾನ ಸೇರಿಸಿದ್ನಿ.”